ಊಟದ ಕೋಣೆಯ ಅರ್ಜಿಗೆ ನಲವತ್ತೆರಡು ಸಹಿ

ಆಸ್ಪತ್ರೆಯ ಮುಖ್ಯ ಆಡಳಿತಾಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಬರಲಿಲ್ಲ, ಕ್ಷಮಿಸಿ. ಶವಾಗಾರದಲ್ಲಿ ಹೆಣ ಎತ್ತುವ ಅಣ್ಣನನ್ನು ತಾವು ಅಮಾನತು ಮಾಡಿ ಇಂದಿಗೆ ಹನ್ನೊಂದು ದಿನ. ಮುಷ್ಕರ ಹೂಡಿ ಗೇಟಿನ ಹೊರಗೆ ನಿಂತವರು ನಲವತ್ತಮೂರು ಮಂದಿ, ಶಿಕ್ಷೆ ಮಾತ್ರ ಅವನೊಬ್ಬನಿಗೆ. ಇದು ಯಾವ ಸೀಮೆಯ ನ್ಯಾಯ?

ನಾನು ಹದಿನಾರು ವರ್ಷದಿಂದ ಇಲ್ಲಿ ಹಾಸಿಗೆಬಟ್ಟೆ ಒಗೆಯುವವಳು. ರಕ್ತ, ಕೀವು, ವಾಂತಿ ಮೆತ್ತಿದ ಹೊದಿಕೆಗಳನ್ನು ಬರಿಗೈಯಲ್ಲೇ ಎತ್ತಬೇಕು. ಕೈಗವಸು ಕೊಡಿ ಎಂಬ ನಮ್ಮ ಅರ್ಜಿ ಮೂರು ವರ್ಷದಿಂದ ತಮ್ಮ ಪರಿಶೀಲನೆಯಲ್ಲಿದೆ. ಇಷ್ಟು ಕಾಲ ಪರಿಶೀಲಿಸಲು ಒಂದು ಕೈಗವಸಿಗೆ ಎಷ್ಟು ಬೆರಳಿರುತ್ತವೆ ಸ್ವಾಮಿ?

ಹಾಗೆಂದು ತಾವು ನಿಧಾನಸ್ಥರೇನಲ್ಲ. ಕಳೆದ ವರ್ಷ ಇನ್ನೊಂದು ಅರ್ಜಿ ಕೊಟ್ಟೆವು: ಶವಾಗಾರದವನು ನಮ್ಮ ಊಟದ ಕೋಣೆಗೆ ಬರಕೂಡದು. ಬೆಳಿಗ್ಗೆ ಕೊಟ್ಟದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮಂಜೂರು! ಆದೇಶವನ್ನೂ ಅರ್ಜಿಯನ್ನೂ ಜೋಡಿಸಿ ಬಾಗಿಲಿಗೆ ಅಂಟಿಸಿದಿರಿ. ನಾವು ನಮ್ಮವನನ್ನೇ ತುಳಿಯಲು ಕೇಳಿದರೆ ಮಾತ್ರ ತಮ್ಮ ಕಚೇರಿಗೆ ಕಾಲು ಬರುತ್ತದೆ.

ಆ ಅರ್ಜಿ ಬರೆದವಳು ನಾನೇ. "ಅವನ ಕೈ ನೋಡಿದ್ರೆ ತುತ್ತು ಗಂಟಲಲ್ಲಿ ಇಳಿಯಲ್ಲ ಕಣೇ. ನಿನ್ ಅಕ್ಷರ ಚೆನ್ನಾಗಿದೆ, ನೀನೇ ಬರಿ" ಎಂದು ಜೊತೆಯವರು ಅಂದರು. ಬರೆದೆ, ಮೊದಲ ಸಹಿಯನ್ನೂ ಹಾಕಿದೆ. ಅವನು ಎತ್ತಿದ ಹೆಣದ ಕೆಳಗಿನ ಹಾಸಿಗೆಬಟ್ಟೆ ಮರುದಿನ ನನ್ನ ತೊಟ್ಟಿಗೇ ಬರುತ್ತದೆಂಬುದು ಆಗ ನೆನಪಾಗಲಿಲ್ಲ. ನರ್ಸಮ್ಮಂದಿರು ನಮ್ಮನ್ನು ಕಂಡರೆ ಮೂಗು ಮುಚ್ಚುತ್ತಾರೆ. ನಮಗೂ ಮೂಗು ಮುಚ್ಚಲು ಒಬ್ಬ ಬೇಕಿತ್ತು, ಅಷ್ಟೇ. ಅಣ್ಣ ಬುತ್ತಿ ಹಿಡಿದು ಬಾಗಿಲಲ್ಲೇ ನಿಂತು ಪೂರ್ತಿ ಓದಿದ. "ಅಕ್ಕಾ, ನನ್ ಮಗಳ ಶಾಲೆಗೆ ಅರ್ಜಿ ಬರ್ಕೊಟ್ಟಿದ್ರಲ್ಲ, ಅದೇ ಅಕ್ಷರ" ಅಂದ. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಂದಿನಿಂದ ಜನರೇಟರಿನ ಪಕ್ಕ ಕೂತು ಉಣ್ಣುತ್ತಿದ್ದ.

ಅದೇ ಅಣ್ಣ ಮುಷ್ಕರದ ದಿನ ನಮ್ಮ ಕೈಗವಸಿಗಾಗಿ ಗೇಟಿಗೆ ಬಂದು ನಿಂತ. "ನೀನ್ಯಾಕೋ ಬಂದೆ?" ಎಂದು ನಮ್ಮವರೇ ಕೇಳಿದರು. "ನನ್ಗೂ ಎರಡು ಕೈ ಇದಾವಲ್ಲ" ಅಂದ. ತಾವು ಹೊರಬಂದು "ನಾಳೆ ನೋಡೋಣ" ಎಂದಿರಿ. ನಾವು ಬಾಲ ಮುದುರಿಕೊಂಡು ಒಳಗೆ ಹೊರಟೆವು. ಹೆಣಗಳನ್ನು ಕಾಯಿಸಿ ಬಂದನೆಂಬ ನೆಪ ಹಿಡಿದು ಅವನನ್ನು ಮಾತ್ರ ತಡೆದು, ಅಮಾನತು ಎಂದು ಹೇಳಿ ಕೇಳಿದಿರಿ: "ಇವನ ಪರ ಮಾತಾಡೋರು ಯಾರಾದ್ರೂ ಇದ್ದೀರಾ?" ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡೆವು. ಯಾರೂ ಬಾಯಿ ಬಿಡುವುದಿಲ್ಲವೆಂದು ತಮಗೆ ಮೊದಲೇ ಗೊತ್ತಿತ್ತು. ಗೊತ್ತುಮಾಡಿಕೊಟ್ಟವರು ನಾವೇ, ಅದೂ ಬರವಣಿಗೆಯಲ್ಲಿ.

ಅಮಾನತು ರದ್ದು ಮಾಡಿ. ಬಾಗಿಲ ಮೇಲಿನ ಆ ಹಾಳೆ ಹರಿದು ಹಾಕಿ. ಆಗುವುದಿಲ್ಲವೆಂದರೆ ಉಳಿದ ನಲವತ್ತೆರಡು ಜನರನ್ನೂ ಹೊರಗೆ ನಿಲ್ಲಿಸಿ, ನನ್ನಿಂದಲೇ ಶುರುಮಾಡಿ.

ಈ ಪತ್ರವನ್ನು ನಾಲ್ಕು ದಿನ ಊಟದ ಕೋಣೆಯಲ್ಲಿ ಸಹಿಗೆ ಹಿಡಿದು ತಿರುಗಿದೆ. ಒಬ್ಬಳಿಗೆ ಕೈ ನೋವಂತೆ, ಇನ್ನೊಬ್ಬನ ಕನ್ನಡಕ ಮನೆಯಲ್ಲಿ ಉಳಿಯಿತಂತೆ. ಪೆನ್ನು ಸುತ್ತು ಹೊಡೆದು ನನ್ನ ಕೈಗೇ ಬಂತು.

ಇಂತಿ,
ಆ ಅರ್ಜಿಗೆ ಮೊದಲು ಸಹಿ ಹಾಕಿದವಳು,
ಈ ಪತ್ರಕ್ಕೆ ಒಬ್ಬಳೇ