ಪೋರ್ಟಲ್ ಮುಚ್ಚಿದ ಸಂಜೆ

ಚಿನೆದು ಅಣ್ಣಾ,

ನಿಮಗೆ ಓದೋಕೆ ಬರಲ್ಲ ಅಂತಲೇ ಕನ್ನಡದಲ್ಲಿ ಬರೀತಿದ್ದೀನಿ. ಇವತ್ತು ಲಾಗೋಸ್‌ನಿಂದ ನಿಮ್ಮ ವಾಯ್ಸ್ ಮೆಸೇಜ್ ಬಂತು. “ಬೇಜಾರಿಲ್ಲ ನಿಶಿ, ಮೂವತ್ನಾಲ್ಕರ ಡಿಫೆಂಡರ್ ಯಾವ ಫುಟ್‌ಬಾಲ್ ಕ್ಲಬ್ಬಿಗೆ ಬೇಕು? ಆಟ ಬಿಟ್ಟೆ,” ಅಂತ ನಕ್ಕಿರಿ.

ನಮ್ಮ ನೋಯ್ಡಾ ಕ್ಲಬ್ಬಿಗೆ ಬೇಕಿತ್ತು. ಕ್ಲಬ್ ಆಫೀಸಲ್ಲಿ ನಾನೇ ಏಳನೇ ಸೀಸನ್ನಿಗೂ ನಿಮ್ಮ ರಿಜಿಸ್ಟ್ರೇಷನ್ ಫಾರ್ಮ್ ತುಂಬಿ ಇಟ್ಟಿದ್ದೆ. ಅವತ್ತೇ ಕೊನೇ ದಿನ, ಲೀಗಿನ ಪೋರ್ಟಲ್ ಸಂಜೆ ಐದಕ್ಕೆ ಕ್ಲೋಸ್. ಸಬ್ಮಿಟ್ ಒತ್ತೋಕೆ ಹೂಂ ಅನ್ನಬೇಕಾದ ಸೆಕ್ರೆಟರಿ ಮೀಟಿಂಗ್‌ನಲ್ಲಿದ್ದರು. ಹಾಸ್ಟೆಲ್‌ನಲ್ಲಿ ಬೆಳೆದವಳು ನಾನು, ಪರ್ಮಿಷನ್ ಇಲ್ಲದೆ ಫ್ಯಾನ್ ಕೂಡ ಹಾಕಿದವಳಲ್ಲ. ಲ್ಯಾಪ್‌ಟಾಪ್ ಹಿಡಿದು ಅವರ ಬಾಗಿಲ ಹೊರಗೇ ನಿಂತೆ. ಅವರು ಬಂದಾಗ ಐದೂ ಹತ್ತು.

“ಅರೆ ಬೇಟಾ, ಸಬ್ಮಿಟ್ ಕರ್ ದೇತೀ ನಾ!” ನೀನೇ ಮಾಡಿಬಿಡಬೇಕಿತ್ತಲ್ಲ, ಅಂದರು ಅಷ್ಟೇ. ಫಾರ್ಮ್ ಹೋಗದೆ ಉಳಿದದ್ದು ನನ್ನಿಂದ ಅಂತ ನಿಮಗೆ ಯಾರೂ ಹೇಳಲಿಲ್ಲ.

ಇವತ್ತು ನಿಮಗೆ ಇಂಗ್ಲಿಷ್‌ನಲ್ಲಿ ಎಲ್ಲಾ ಟೈಪ್ ಮಾಡಿದೆ, ಅಳಿಸಿದೆ. ಕೊನೆಗೆ “ಟೇಕ್ ಕೇರ್” ಅಂತ ಕಳಿಸಿದೆ. ನೀವು ತಕ್ಷಣ ಹಾರ್ಟ್ ಹಾಕಿದಿರಿ.