ಬಾಕಿ ಸೂಜಿ, ತುಂಬಿದ ಉಡಿ

16 ನವೆಂಬರ್ 2024, ಸಂಜೆ
ಬೇಳೆ ಒಲೆ ಮೇಲಿದೆ. ಕುದಿಯುವಷ್ಟರಲ್ಲಿ ಬರೆದಿಡುತ್ತೇನೆ. ಇವತ್ತು ಕಮಲಾಪುರದ ಮಹಿಳಾ ಮಂಡಳದವರು ತಪ್ಪು ಮಾಡಿದರು. ಮಕ್ಕಳಿಗೆ ಎಲ್ಲ ಲಸಿಕೆ ಮುಗಿಸಿದ ತಾಯಂದಿರೆಂದು ವೇದಿಕೆಗೆ ಕರೆದು ಉಡಿ ತುಂಬಿದರು. ನನ್ನ ಸೊಸೆ ಮೃದುಲಾಗೂ — ಅದು ಅವಳ ತವರೂರು. ಮೊಮ್ಮಗನಿಗೆ ದಡಾರದ ಎರಡನೇ ಸೂಜಿ ಬಾಕಿ. ಒಂದೂವರೆ ವರ್ಷ ತುಂಬುವುದು ಮುಂದಿನ ತಿಂಗಳು. ಹಾಗೆಂದು ಅವಳೇ ಮಂಡಳದವರಿಗೆ ಹೇಳಿದಳಂತೆ. "ಹಾಕಿಸ್ತೀಯಲ್ಲ, ಬಿಡವ್ವಾ" ಎಂದರಂತೆ. ಕಾರ್ಯಕ್ರಮಕ್ಕೆ ಕರೆಸಿದ ಅತಿಥಿ ಮುಂದಿನ ತಿಂಗಳು ಮತ್ತೆ ಸಿಗುವುದಿಲ್ಲವಂತೆ.
ಕುಪ್ಪಸದ ಖಣ, ಕೊಬ್ಬರಿ, ಶಾಲು, ಫೋಟೊ. ಆ ಖಣದ ಬಣ್ಣ ಕಣ್ಣಿಂದ ಹೋಗುತ್ತಿಲ್ಲ. ಎಂಬತ್ತೆಂಟರಲ್ಲಿ ಮಗ ಧೀರೇಂದ್ರನನ್ನು ಎತ್ತಿಕೊಂಡು ಸೂಜಿ ಹಾಕಿಸಲು ಬಿಸಿಲಲ್ಲಿ ದವಾಖಾನೆಗೆ ನಡೆದವಳು ನಾನು. ಸೂಜಿಯಿಂದ ಕೂಸಿಗೆ ಜ್ವರ ಬಂತೆಂದು ಅತ್ತೆ ನನ್ನೊಡನೆ ಮಾತು ಬಿಟ್ಟರು. ನನಗೆ ಯಾರು ಉಡಿ ತುಂಬಿದರು?

20 ನವೆಂಬರ್
ಮೃದುಲಾಳ ವಾಟ್ಸಾಪ್ ಡಿಪಿ ಅದೇ ಫೋಟೊ. ನಮ್ಮ ಯಜಮಾನರೂ ಅದನ್ನು ಸ್ನೇಹಿತರಿಗೆಲ್ಲ ಕಳಿಸಿದ್ದಾರೆ. ನನ್ನ ಫೋಟೊ ಇವರ ಮೊಬೈಲಿನಲ್ಲಿ ಒಂದಾದರೂ...

5 ಡಿಸೆಂಬರ್, ಗುರುವಾರ
ಲಸಿಕೆ ಹಾಕುವ ದಿನ.
"ಮೃದುಲಾ, ಕೂಸಿಗೆ ಸೂಜಿ ಹಾಕಿಸ್ಕೊಂಡ್ ಬರೋಣ, ನಡಿ."
"ಉಡಿ ತುಂಬಿ ಮುಗಿಸ್ಯಾರಲ್ರೀ ಅತ್ಯಾ. ಮತ್ತ ಚುಚ್ಚಿಸಿದ್ರ ಛಲೋ ಅಲ್ಲಂತ. ನಮ್ಮವ್ವ ಹೇಳ್ಯಾಳ."
"ನಿಮ್ಮವ್ವ ಯಾವ ದವಾಖಾನಿ ಡಾಕ್ಟರು?"
"ನಿಮಗ ಆ ಖಣದ ಮ್ಯಾಲೇ ಕಣ್ಣು. ತೊಗೋರಿ, ಜಂಪರ್ ಹೊಲಿಸ್ಕೋರಿ."
ಧೀರೇಂದ್ರ ನಕ್ಕ. "ಹೊಟ್ಟಿಕಿಚ್ಚಿಗೆ ಸೂಜಿ ಇಲ್ಲ ನೋಡವ್ವಾ."
ಹೊಟ್ಟೆಕಿಚ್ಚು ಇದೆ. ಬಾಕಿ ಸೂಜಿಯೂ ಇದೆ. ಒಂದಿದೆ ಎಂದು ಇನ್ನೊಂದು ಸುಳ್ಳೇ?

19 ಡಿಸೆಂಬರ್
ಪಕ್ಕದ ಮನೆ ಶೀಲಾಳ ಮಗಳಿಗೆ ದಡಾರ. ಮೈತುಂಬ ಕೆಂಪು. ಮೊನ್ನೆ ತಾನೇ ನಮ್ಮ ಕೂಸು ಅವಳ ಜೊತೆ ಆಡಿತ್ತು. ಮೃದುಲಾ ಕೂಸನ್ನು ನನ್ನ ಕೈಗೇ ಕೊಡುತ್ತಿಲ್ಲ. ಎತ್ತಿಕೊಂಡು ದವಾಖಾನೆಗೆ ಓಡುತ್ತೇನೆಂದು.
ಮಂಡಳದ ಅಧ್ಯಕ್ಷೆ ರಮಾಬಾಯಿಗೆ ಫೋನು ಮಾಡಿದೆ. "ಮುಗಿದಿಲ್ಲ ಅಂತ ನೀವ ಒಂದ್ ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾಳ."
"ಅತ್ತಿ-ಸೊಸಿ ಜಗಳದಾಗ ನಮ್ಮನ್ಯಾಕ ಎಳೀತೀರಿ ಇಂದೂಬಾಯಿ? ನಿಮಗೂ ಉಡಿ ತುಂಬೋಣ ಬಿಡ್ರಿ."
ಒಂದು ಕ್ಷಣ ಆಸೆಯಾಯಿತು. ಥೂ.

20 ಡಿಸೆಂಬರ್, ಬೆಳಿಗ್ಗೆ
ಇವತ್ತು ಮಂಡಳದ ಸಭೆ. ಕಮಲಾಪುರದ ಬಸ್ಸಿಗೆ ಹೊರಟಿದ್ದೇನೆ. ಕೇಳುವುದು ಒಂದೇ. ರಮಾಬಾಯಿ, ಉಡಿ ತುಂಬಿದ್ದು ನಾಲ್ಕು ಜನರೆದುರು, ಉತ್ತರವೂ ಅವರೆದುರೇ ಬೇಕು. ಸೂಜಿ ಬಾಕಿ ಇದೆಯೆಂದು ಗೊತ್ತಿದ್ದೂ ಮುಗಿಯಿತೆಂದು ಸಾರಿದಿರೋ ಇಲ್ಲವೋ? ಮೈಕು ಹಿಡಿದು ಹೇಳಿ. ಹೇಳುವವರೆಗೆ ನಾನು ಕೂತಲ್ಲಿಂದ ಏಳುವುದಿಲ್ಲ.