ಸಾಹೇಬರು ಕೊಟ್ಟ ಚೆಂಡು

ಉಪ್ಪಾ,

ನೀವು ತೀರಿಕೊಂಡ ಮೇಲೂ ಪೆಟ್ಟಿಗೆಯಲ್ಲೇ ಉಳಿದಿದ್ದ ಆ ಬೇಸ್‌ಬಾಲ್ ಚೆಂಡನ್ನು ಇವತ್ತು ಮಾರಲು ಹೋಗಿದ್ದೆ. ಇಟ್ಟುಕೊಂಡು ಏನು ಮಾಡಲಿ ಅನ್ನಿಸಿತ್ತು. ಇಲ್ಲಿ ಕೊಲ್ಲಿ ನಾಡಿನ ಹಿದ್‌ನ ಗೋದಾಮಿನಲ್ಲಿ ಕೆಲಸ ಮುಗಿಸಿ, ಸುಸ್ತಿನಲ್ಲೇ ಬಸ್ ಹತ್ತಿ ಅದ್ಲಿಯಾ ಪೇಟೆಗೆ ಹೋದೆ. ಅಲ್ಲಿ ರಜತ್ ಅಂತ ನಮ್ಮ ಉಡುಪಿಯವರಿದ್ದಾರೆ. ಆಟಗಾರರು ಸಹಿ ಹಾಕಿದ ಹಳೆಯ ಚೆಂಡುಗಳನ್ನು ಕೂಡಿಡುತ್ತಾರೆ. ನೀವು ಕಾರು ಓಡಿಸುತ್ತಿದ್ದ ಅಮೆರಿಕದ ಸಾಹೇಬರಿಗಿದ್ದ ಹುಚ್ಚೇ ಇವರಿಗೂ.

"ಕಪಾಟಿನಲ್ಲಿ ಹೆಚ್ಚಾದದ್ದನ್ನು ಡ್ರೈವರಿಗೆ ಕೊಟ್ಟರು" ಎಂದು ನೀವು ಯಾವಾಗಲೂ ಹೇಳುತ್ತಿದ್ದಿರಿ. ಚೆಂಡಿನ ಮೇಲಿನ ಇಂಗ್ಲಿಷ್ ಬರಹ ಓದಲು ನಿಮಗೂ ಬರಲಿಲ್ಲ, ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಿಮ್ಮ ಮಗನಿಗೂ ಬರಲಿಲ್ಲ.

ರಜತ್ ಚೆಂಡನ್ನು ದೀಪದ ಕೆಳಗೆ ತಿರುಗಿಸಿ ನೋಡಿದರು.

"ಸಹಿ ಅಸಲಿ ಮಾರಾಯ. ಆದರೆ ಆಟಗಾರ 'ಗೆಳೆಯ ಮೊಯಿದಿನ್‌ಗೆ' ಅಂತ ಬರೆದಿದ್ದಾನಲ್ಲ! ಯಾರೋ ಹೆಸರು ಹೇಳಿಯೇ ಬರೆಸಿದ್ದು. ಹೀಗೆ ಹೆಸರಿದ್ದರೆ ಬೆಲೆ ಬರುವುದಿಲ್ಲ. ಯಾರು ಈ ಮೊಯಿದಿನ್?"

ನಿಮ್ಮ ಹೆಸರು ಕೇಳಿ ನಾನು ಚೆಂಡಿನ ಮೇಲೆ ಬಗ್ಗಿದೆ.

"ಹೆಸರು ಮಾತ್ರ ಅಳಿಸುವವರಿದ್ದಾರೆ. ಅಳಿಸಿದರೆ ನಾನೇ ತೆಗೆದುಕೊಳ್ತೇನೆ. ಎಂತ ಹೇಳ್ತಿ?"

"ಇನ್ನೊಂದು ಸಲ ಓದಿ ಸಾರ್" ಎಂದೆ.

ಅವರು ಓದಿದರು. ಸ್ವಲ್ಪ ಜೋರಾಗಿ ಓದಿ ಎನ್ನಲು ನಾಚಿಕೆಯಾಯಿತು, ಉಪ್ಪಾ.